ಜುಕಿನಿಯ ನೀರಿಳಿಸುವುದು ಕೈಗೆ ಹತ್ತಿದ ಮೇಲೆ: ಲೋ ಕಾರ್ಬ್ ಅಡುಗೆಯ ನನ್ನ ಅನುಭವ

ಲೋ ಕಾರ್ಬ್, ಅಂದರೆ ಪಿಷ್ಟ, ಸಕ್ಕರೆ ಕಡಿಮೆ ಇರುವ ಊಟ ಮಾಡುವವರಲ್ಲೇ ಜುಕಿನಿಯ (ಸೌತೆಕಾಯಿಯಂತೆ ಕಾಣುವ, ಕುಂಬಳದ ಜಾತಿಯ ತರಕಾರಿ) ಮೇಲೆ ನಂಬಿಕೆ ಇರುವವರು ಕಡಿಮೆ. ನೀರು ಬಿಡುತ್ತದೆ, ಸಪ್ಪೆ, ಎರಡು ವಾರಕ್ಕೆ ಸಾಕಾಗುತ್ತದೆ ಅನ್ನುತ್ತಾರೆ. ನಾನು ನೀರು ತೆಗೆಯುವ ಕ್ರಮ ಬದಲಾಯಿಸಿದಾಗಲೂ ಇದೇ ಮಾತು ಬಂತು. ಈಗ ಹೆಚ್ಚುಕಮ್ಮಿ ಒಂದೂವರೆ ವರ್ಷದಿಂದ ವಾರದಲ್ಲಿ ನಾಲ್ಕು ದಿನ ಜುಕಿನಿ ನಡೆಯುತ್ತಿದೆ, ತಟ್ಟೆಯಲ್ಲಿ ನೀರು ನಿಲ್ಲುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

100 ಗ್ರಾಂ ಹಸಿ ಜುಕಿನಿಯಲ್ಲಿ ಕಾರ್ಬ್ 3 ಗ್ರಾಂ ಚಿಲ್ಲರೆ, ನಾರು 1, ನಾರು ಕಳೆದು ಉಳಿಯುವ ನೆಟ್ ಕಾರ್ಬ್ 2ರ ಆಸುಪಾಸು. ಇದು ಎಲ್ಲರಿಗೂ ಬಾಯಿಪಾಠ. ಆದರೆ ಅದೇ 100 ಗ್ರಾಂನಲ್ಲಿ ಸುಮಾರು 95 ಗ್ರಾಂ ನೀರು, ಅಡುಗೆ ಕೆಡುವುದು ಅಲ್ಲಿ. ಉಪ್ಪು ಹಚ್ಚಿ ಹಿಂಡಿದರೆ ಸಾಕು ಎಂದು ಎಲ್ಲರೂ ಹೇಳುತ್ತಾರೆ. ಸಾಕಾಗುವುದಿಲ್ಲ. ಹಿಂಡಿದ ಮೇಲೂ ಒಳಗೆ ಉಳಿದ ನೀರು ಬಿಸಿ ತಾಗಿದ ಕೂಡಲೇ ಹೊರಗೆ ಬರುತ್ತದೆ, ಅಷ್ಟರಲ್ಲಿ ಮೊಟ್ಟೆ, ಚೀಸ್ ಎಲ್ಲ ಬಿದ್ದಿರುತ್ತದೆ. ಆ ನೀರನ್ನು ಬೇರೇನೂ ಸೇರಿಸುವ ಮೊದಲೇ ಓಡಿಸಬೇಕು.

ಕೆಜಿ ತುರಿಗೆ ಉಪ್ಪು 10 ಗ್ರಾಂ, ಅಂದರೆ ಎರಡು ಟೀ ಚಮಚಕ್ಕಿಂತ ತುಸು ಕಡಿಮೆ. ದೊಡ್ಡ ತೂತಿನಲ್ಲೇ ತುರಿಯಿರಿ, ಸಣ್ಣ ತೂತಿನದು ಹಿಂಡುವಾಗ ಗೊಜ್ಜಾಗುತ್ತದೆ. ಜಾಲರಿಯಲ್ಲಿ 25–30 ನಿಮಿಷ ಬಿಡಿ. ರಾತ್ರಿಯಿಡೀ ಬಿಟ್ಟು ನೋಡಿದ್ದೇನೆ, ಉಪ್ಪು ಒಳಕ್ಕೆ ಇಳಿದು ತೊಳೆದರೂ ಹೋಗುವುದಿಲ್ಲ. ಆಮೇಲೆ ತೆಳು ಬಟ್ಟೆಯಲ್ಲಿ ಎರಡು ಕಂತಿನಲ್ಲಿ ಹಿಂಡಿ. ಒಂದೇ ಸಲ ಕೆಜಿ ಹಿಂಡಲು ಹೋದರೆ ಉಂಡೆಯ ನಡುಭಾಗ ಹಸಿಯಾಗೇ ಉಳಿಯುತ್ತದೆ. ಕಣ್ಣಂದಾಜು ಬೇಡ, ತಕ್ಕಡಿ ಇಟ್ಟುಕೊಳ್ಳಿ: 1000 ಗ್ರಾಂ ತುರಿ 550ಕ್ಕಿಂತ ಕೆಳಗಿಳಿಯಬೇಕು.

ಮುಂದಿನ ಹೆಜ್ಜೆಯನ್ನು ಯಾರೂ ಮಾಡುವುದಿಲ್ಲ. ಅಗಲ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಎಣ್ಣೆ ಹಾಕದೆ, ಹಿಂಡಿದ ತುರಿಯನ್ನು ತೆಳ್ಳಗೆ ಹರಡಿ. ಮೊದಲು ಬುಸ್ಸೆಂದು ಹಬೆ ಏಳುತ್ತದೆ, ತುರಿ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಂತೆ ಜಾರುತ್ತದೆ. ಎರಡು ನಿಮಿಷ ಕಳೆದ ಮೇಲೆ ಸದ್ದು ಸಣ್ಣಗಾಗಿ ಚಿಟಿಚಿಟಿ ಅನ್ನತೊಡಗುತ್ತದೆ, ಎಳೆಗಳು ಬಿಡಿಬಿಡಿಯಾಗುತ್ತವೆ. ಸೌಟಿನಿಂದ ನಡುವೆ ಗೆರೆ ಎಳೆದರೆ ತಳ ಒಣಗಿ ಕಾಣಬೇಕು, ಗೆರೆಯೊಳಕ್ಕೆ ತೇವ ಹರಿದು ಬರಬಾರದು. ಒಟ್ಟು ನಾಲ್ಕು ನಿಮಿಷ. ಕಂದು ಬಣ್ಣ ಬರಲು ಬಿಡಬೇಡಿ. ತಟ್ಟೆಗೆ ಹರಡಿ ಪೂರ್ತಿ ಆರಿಸಿ. ಬಿಸಿಯಿದ್ದಾಗ ಮುಚ್ಚಿಟ್ಟರೆ ಹಬೆ ಮತ್ತೆ ನೀರಾಗಿ ಅದರ ಮೇಲೇ ಬೀಳುತ್ತದೆ. ಬಿಸಿಯಲ್ಲೇ ಮೊಟ್ಟೆ ಹಾಕಿದರೆ ಅದು ಅಲ್ಲೇ ಬೆಂದು ಹಿಡಿತ ಕೊಡುವುದಿಲ್ಲ. ಈ ಹಂತಕ್ಕೆ ಕೆಜಿಯಲ್ಲಿ ಉಳಿಯುವುದು 400 ಗ್ರಾಂ ಅಥವಾ ಅದಕ್ಕೂ ಕಡಿಮೆ.

ಇದು ಗೊತ್ತಿಲ್ಲದಿದ್ದಾಗ ದುಡ್ಡು ಸೋರಿದ್ದು ಬಾದಾಮಿ ಹಿಟ್ಟಿನಲ್ಲಿ. ಮಿಶ್ರಣ ನೀರಾದಾಗಲೆಲ್ಲ ಇನ್ನೊಂದು ಹಿಡಿ ಹಾಕಿದ್ದೇ ಹಾಕಿದ್ದು. 500 ಗ್ರಾಂ ಜುಕಿನಿಯ ಒಂದು ಪಿಜ್ಜಾ ಬೇಸ್‌ಗೆ 100–120 ಗ್ರಾಂ ಹಿಟ್ಟು ಹೋಗುತ್ತಿತ್ತು, ಹಿಟ್ಟಿನಿಂದಲೇ ನೆಟ್ ಕಾರ್ಬ್ 10ರ ಮೇಲೆ. ಈಗ 40 ಗ್ರಾಂ ಸಾಕು. ತೆಂಗಿನ ಹಿಟ್ಟು ನೀರನ್ನು ಬೇಗ ಹೀರುತ್ತದೆ ನಿಜ, ಆದರೆ ಒಂದು ಚಮಚ ಹೆಚ್ಚಾದರೂ ಬಾಯಲ್ಲಿ ಪುಡಿಪುಡಿ. ಇಸಬ್ಗೋಲ್ ಹೊಟ್ಟು ಹಿಡಿತ ಕೊಡುತ್ತದೆ, ಹೆಚ್ಚಾದರೆ ರಬ್ಬರಿನಂತೆ ಎಳೆಯುತ್ತದೆ, ಕೆಲವು ಸಲ ನೇರಳೆ ಬಣ್ಣಕ್ಕೂ ತಿರುಗುತ್ತದೆ. ಜುಕಿನಿಯನ್ನು ನೂಡಲ್ಸ್‌ನಂತೆ ಎಳೆಎಳೆಯಾಗಿ ಹೆರೆಯುವ ಯಂತ್ರದ ದುಡ್ಡೂ ದಂಡ. ಹಲ್ಲಿರುವ ಸಿಪ್ಪೆ ಹೆರೆಯುವ ಸಾಧನ ಅದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ, ಏಕೆಂದರೆ ಬೀಜದ ತಿರುಳು ಬಂದ ಕೂಡಲೇ ನಿಲ್ಲಿಸಬಹುದು.

ಪಿಜ್ಜಾ ಬೇಸ್‌ನ ಅಳತೆ ಹೀಗೆ: 500 ಗ್ರಾಂ ಹಸಿ ಜುಕಿನಿಯಿಂದ ಬಂದ ಒಣ ತುರಿ, ಒಂದು ಮೊಟ್ಟೆ, 80 ಗ್ರಾಂ ಮೊಝರೆಲ್ಲಾ, 40 ಗ್ರಾಂ ಬಾದಾಮಿ ಹಿಟ್ಟು. ಉಪ್ಪು ಮತ್ತೆ ಹಾಕಬೇಡಿ, ತುರಿಯಲ್ಲಿ ಉಳಿದದ್ದೇ ಸಾಕು. ಬೇಕಿಂಗ್ ಕಾಗದದ ಮೇಲೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ. ಅಂಚು ನಡುಭಾಗಕ್ಕಿಂತ ಕೊಂಚ ದಪ್ಪ ಇರಲಿ, ಇಲ್ಲದಿದ್ದರೆ ಅದೇ ಮೊದಲು ಕರಕಲಾಗುತ್ತದೆ. 220 ಡಿಗ್ರಿಯಲ್ಲಿ 18–20 ನಿಮಿಷ, ಮಗುಚಿ ಇನ್ನೂ 6–7 ನಿಮಿಷ. ಆಮೇಲೆಯೇ ಮೇಲಿನ ಸಾಮಾನು. ಇಡೀ ಬೇಸ್‌ಗೆ ನೆಟ್ 17 ಗ್ರಾಂನಷ್ಟು, ಇಬ್ಬರು ಹಂಚಿಕೊಂಡರೆ ಎಂಟೂವರೆ. ನನ್ನ ಬೇಸ್‌ನ ತುಂಡನ್ನು ಒಂದು ತುದಿಯಲ್ಲಿ ಹಿಡಿದೆತ್ತಿದರೂ ಬಾಗುವುದಿಲ್ಲ. ನಂಬದವರಿಗೆ ಎತ್ತಿಯೇ ತೋರಿಸಿದ್ದೇನೆ. ಮಿಶ್ರಣಕ್ಕೆ ಕೊನೆಯಲ್ಲಿ ನಾನು ಸೇರಿಸುವ ಇನ್ನೊಂದು ವಸ್ತುವಿದೆ, ಕಾಲು ಚಮಚದಷ್ಟು. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಅದಿಲ್ಲದೆಯೂ ಬೇಸ್ ನಿಲ್ಲುತ್ತದೆ.

ನೂಡಲ್ಸ್‌ಗೆ ಈ ಕ್ರಮ ಬೇಡ, ಉಪ್ಪು ಹಚ್ಚಿದರೆ ಎಳೆ ಬಾಡುತ್ತದೆ. ಎಳೆಗಳನ್ನು ಬಟ್ಟೆಯ ಮೇಲೆ ಹದಿನೈದು ನಿಮಿಷ ಹರಡಿಟ್ಟು, ದೊಡ್ಡ ಉರಿಯಲ್ಲಿ ಬೆಣ್ಣೆ ಅಥವಾ ಎಣ್ಣೆಯಲ್ಲಿ ಒಂದೂವರೆ ನಿಮಿಷ ಹೊರಳಿಸಿ ಇಳಿಸಿಬಿಡಿ. ಒಂದು ಬಾಣಲೆಗೆ 200 ಗ್ರಾಂ ಮೀರಬಾರದು, ತುಂಬಿದರೆ ಹುರಿಯುವುದಿಲ್ಲ, ಬೇಯುತ್ತದೆ. ಉಪ್ಪು ತಟ್ಟೆಯಲ್ಲಿ. ಸಾಸ್ ಬೇರೆ ಪಾತ್ರೆಯಲ್ಲಿ, ಮಾಮೂಲಿಗಿಂತ ಗಟ್ಟಿಯಾಗಿ ಇಳಿದಿರಲಿ. ಇಲ್ಲಿ ಇನ್ನೊಂದು ಮಾತು: 200 ಗ್ರಾಂ ಜುಕಿನಿಗೆ ನೆಟ್ 4 ಗ್ರಾಂ ಎಂದು ಬರೆದುಕೊಂಡು, ಮೇಲೆ ಈರುಳ್ಳಿ, ಸಕ್ಕರೆ ಬೆರೆತ ಟೊಮೆಟೊ ಸಾಸ್ ಸುರಿದು, ಕಾರ್ಬ್ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. 100 ಗ್ರಾಂ ಈರುಳ್ಳಿಯಲ್ಲೇ ನೆಟ್ 7ರ ಮೇಲಿದೆ. ಲೆಕ್ಕ ಬರೆಯುವಾಗ ಹಸಿ ತೂಕವನ್ನೇ ಬರೆಯಿರಿ, ಹಿಂಡಿದ ನಂತರದ್ದನ್ನಲ್ಲ. ಹಿಂಡಿದ ನೀರಿನಲ್ಲಿ ಸ್ವಲ್ಪ ಸಕ್ಕರೆ ಹೋಗಿರುತ್ತದೆ, ಆದರೆ ಅದನ್ನು ಕಳೆಯಲು ಹೋಗಬೇಡಿ.

ಚಿಪ್ಸ್ ಕೂಡ ಮಾಡಿ ನೋಡಿದೆ. 2 ಮಿಲಿಮೀಟರ್ ಬಿಲ್ಲೆ, 110 ಡಿಗ್ರಿ, ಎರಡು ಗಂಟೆ, ನಡುವೆ ಒಮ್ಮೆ ಮಗುಚುವುದು. ಗರಿಗರಿ ಬಂತು. ಆದರೆ 500 ಗ್ರಾಂ ಜುಕಿನಿ ಒಣಗಿ ಎರಡು ಹಿಡಿಯೂ ಆಗಲಿಲ್ಲ, ಆ ಎರಡು ಹಿಡಿಯಲ್ಲಿ 500 ಗ್ರಾಂನ 10 ಗ್ರಾಂ ನೆಟ್ ಕಾರ್ಬ್ ಪೂರ್ತಿ ಕೂತಿದೆ. ಟೈಮ್‌ಪಾಸ್‌ಗೆಂದು ತಿಂದರೆ ದಿನಕ್ಕೆ 20 ಗ್ರಾಂ ಇಟ್ಟುಕೊಂಡವರ ಅರ್ಧ ಪಾಲು ಅಲ್ಲೇ ಮುಗಿಯಿತು. ಅಕ್ಕಿಯಂತೆ ಪುಡಿ ಮಾಡುವ ಪ್ರಯೋಗ ಮೂರು ಸಲ ಕೆಟ್ಟಿತು, ಅದಕ್ಕೆ ಹೂಕೋಸೇ ಸರಿ. ಚಾಕೊಲೇಟ್ ಕೇಕ್ ಮಾತ್ರ ಚೆನ್ನಾಯಿತು. ಅದಕ್ಕೆ ತುರಿಯನ್ನು ಹಿಂಡಲೇಬಾರದು, ಬಾದಾಮಿ ಹಿಟ್ಟಿನ ಒಣಕಲುತನಕ್ಕೆ ಆ ನೀರೇ ಬೇಕು.

ಹಸಿವಿನ ವಿಷಯ. 100 ಗ್ರಾಂಗೆ 17 ಕ್ಯಾಲೊರಿ ಅಷ್ಟೇ, ಪ್ರೋಟೀನ್ 1 ಗ್ರಾಂ ಚಿಲ್ಲರೆ. ಬರೀ ಜುಕಿನಿ ತಿಂದರೆ ಎರಡು ಗಂಟೆಯಲ್ಲಿ ಹೊಟ್ಟೆ ಚುರುಗುಟ್ಟುತ್ತದೆ. ಜೊತೆಗೆ ಮೊಟ್ಟೆ, ಮಾಂಸ, ಪನೀರ್, ಬೆಣ್ಣೆ ಯಾವುದಾದರೂ ಇರಲೇಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ಇಳಿಸುವ ಮೊದಲೇ ವೈದ್ಯರ ಹತ್ತಿರ ಪ್ರಮಾಣ ಸರಿ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಸಕ್ಕರೆ ತೀರಾ ಕೆಳಗೆ ಬೀಳಬಹುದು.

ಕೊಳ್ಳುವಾಗ ಗೇಣುದ್ದದ್ದು, ಕೈಗೆ ಭಾರ ಅನಿಸುವಂಥದ್ದು, ಉಗುರು ಒತ್ತಿದರೆ ಸಿಪ್ಪೆಯೊಳಕ್ಕೆ ಸುಲಭವಾಗಿ ಇಳಿಯುವಂಥದ್ದು. ದೊಡ್ಡದು ಅಗ್ಗವಾಗಿ ಸಿಕ್ಕರೂ ಬೇಡ, ಬೀಜದ ತಿರುಳು ತೆಗೆದರೆ ಮೂರರಲ್ಲೊಂದು ಪಾಲು ಹೋಗುತ್ತದೆ. ತೆಗೆದ ತಿರುಳನ್ನು ಎಸೆಯದೆ ಬೇಯಿಸಿ ರುಬ್ಬಿ ಸೂಪ್‌ಗೆ ಹಾಕಿ, ಮಂದವಾಗುತ್ತದೆ. ಫ್ರಿಡ್ಜ್‌ನಲ್ಲಿ ತೊಳೆಯದೆ ಇಟ್ಟರೆ ಐದಾರು ದಿನ ಬರುತ್ತದೆ. ಹೆಚ್ಚು ತಂದಿದ್ದರೆ ತುರಿದು, ಹಿಂಡಿ, 200 ಗ್ರಾಂ ಕಟ್ಟಿ ಫ್ರೀಜರ್‌ಗೆ ಹಾಕಿ, ಕರಗಿದ ಮೇಲೆ ಇನ್ನೊಮ್ಮೆ ಹಿಂಡಿ ಬಾಣಲೆಗೆ. ಕತ್ತರಿಸುವ ಮೊದಲು ತುದಿಯ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಉಪ್ಪಿಗೂ ಬೆಂಕಿಗೂ ಹೋಗುವುದಿಲ್ಲ, ಹೊಟ್ಟೆ ಕೆಡಿಸುತ್ತದೆ.