ಸ್ಕ್ರೀನ್ ರೀಡರ್ ಇರುವ ಕಂಪ್ಯೂಟರನ್ನು ಯಾರ ಕೈಗೆ ಕೊಡಬೇಕು?

ಕಣ್ಣು ಕಾಣದ ನಮ್ಮಂಥವರಿಗೆ ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರೇ ಸ್ಕ್ರೀನ್ ರೀಡರ್; ಎನ್‌ವಿಡಿಎ ಅಂಥದ್ದೊಂದು. ವಿಜಯಪುರದಲ್ಲಿ ಎನ್‌ವಿಡಿಎ ಬಲ್ಲ ರಿಪೇರಿಯವರೇ ಬೇಕೆಂದು ಹುಡುಕುತ್ತ ಕೂತರೆ ಕೆಲಸ ಆಗುವುದಿಲ್ಲ. ಮಷಿನ್ ಮಾತಾಡುತ್ತಿರುವಾಗಲೇ ಕೆಲಸ ಮಾಡುತ್ತಾರೋ, ಕಿರಿಕಿರಿ ಎಂದು ಮೊದಲು ಮ್ಯೂಟ್ ಒತ್ತುತ್ತಾರೋ ಎಂಬುದನ್ನಷ್ಟೇ ನೋಡುತ್ತೇನೆ. ಹೊಸ ಅಂಗಡಿಯಾದರೆ ಪ್ರಿಂಟರ್ ಡ್ರೈವರ್ ಹಾಕುವಂಥ ಸಣ್ಣ ಕೆಲಸ ಕೊಟ್ಟು ಪಕ್ಕದಲ್ಲೇ ಕೂಡುತ್ತೇನೆ. ಏನು ಮಾಡುತ್ತಿದ್ದೇನೆಂದು ಬಾಯಿಬಿಟ್ಟು ಹೇಳುವವರು, ಮೌಸ್ ಬಿಟ್ಟು ಟ್ಯಾಬ್, ಎಂಟರ್‌ನಿಂದ ಹೋಗಲು ಒಪ್ಪುವವರು ಸಿಕ್ಕರೆ ಸಾಕು. ಉಳಿದದ್ದನ್ನು ನಾವೇ ಹೇಳಿಕೊಡಬಹುದು.

ಮೊದಲು ಹೇಳಿಕೊಡಬೇಕಾದದ್ದು ಪರದೆಯ ವಿಷಯ. ‘ಡಿಸ್‌ಪ್ಲೇ ಹೋಗೇತ್ರಿ ಸರ, ಹೊಸಾದು ಹಾಕಬೇಕು’ ಅಂದರೆ ಹೆದರಬೇಡಿ. ಎನ್‌ವಿಡಿಎದ ಸ್ಕ್ರೀನ್ ಕರ್ಟನ್ ಚಾಲೂ ಇದ್ದರೆ ಪರದೆ ಪೂರ್ತಿ ಕಪ್ಪಾಗಿರುತ್ತದೆ. ಇನ್ಸರ್ಟ್ ಮತ್ತು ಕ್ಯೂ ಒತ್ತಿ, ಎಂಟರ್ ಕೊಟ್ಟು ಎನ್‌ವಿಡಿಎ ನಿಲ್ಲಿಸಿದರೆ ಪರದೆ ಬರುತ್ತದೆ. ಬ್ರೈಟ್‌ನೆಸ್ ಸೊನ್ನೆಗೆ ಇಳಿಸಿಟ್ಟಿದ್ದರೂ ಇದೇ ಗೊಂದಲ. ಅಂಗಡಿಗೆ ಒಯ್ಯುವ ಮುಂಚೆ ಎರಡನ್ನೂ ಸರಿಮಾಡಿಕೊಳ್ಳುವುದು ಒಳ್ಳೆಯದು.

ಸ್ಪೀಡ್ ಹೆಚ್ಚಿಸುತ್ತೇವೆಂದು ಡೆಸ್ಕ್‌ಟಾಪ್ ಖಾಲಿ ಮಾಡುವ ಚಟ ಅನೇಕರಿಗೆ. ಕಂಟ್ರೋಲ್, ಆಲ್ಟ್, ಎನ್ ಒತ್ತಿದರೆ ಎನ್‌ವಿಡಿಎ ಶುರುವಾಗುವುದು ಡೆಸ್ಕ್‌ಟಾಪ್ ಮೇಲಿನ ಅದರ ಶಾರ್ಟ್‌ಕಟ್‌ನಿಂದ. ಆ ಐಕಾನ್ ಅಳಿಸಿದರೆ ಕೀಲಿ ಸತ್ತಂತೆ, ಎನ್‌ವಿಡಿಎ ಮಾತ್ರ ಇದ್ದಲ್ಲೇ ಇರುತ್ತದೆ. ಆಗ ವಿಂಡೋಸ್ ಕೀ ಮತ್ತು ಆರ್ ಒತ್ತಿ, ಎನ್‌ವಿಡಿಎ ಎಂದು ಟೈಪ್ ಮಾಡಿ ಎಂಟರ್ ಕೊಡಿ.

ನಿಜವಾದ ಪರೀಕ್ಷೆ ಫಾರ್ಮ್ಯಾಟ್ ಸಮಯದಲ್ಲಿ. ಮುಂಚೆಯೇ ಎನ್‌ವಿಡಿಎ ಮೆನುವಿನ ಟೂಲ್ಸ್‌ಗೆ ಹೋಗಿ ಪೋರ್ಟಬಲ್ ಕಾಪಿಯನ್ನು (ಇನ್‌ಸ್ಟಾಲ್ ಮಾಡದೆಯೇ ನಡೆಯುವ ಪ್ರತಿಯನ್ನು) ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಈಗಿನ ಸೆಟ್ಟಿಂಗ್ ನಕಲಿಸುವ ಚೌಕಕ್ಕೆ ಟಿಕ್ ಇರಲಿ, ಇಲ್ಲದಿದ್ದರೆ ಉಚ್ಚಾರಣೆಯ ಡಿಕ್ಷನರಿ, ಆಡ್‌ಆನ್ ಎಲ್ಲ ಹೋಗುತ್ತವೆ. ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಬಳಸುವವರು ಲೈಸೆನ್ಸ್ ವಿವರ ಬರೆದಿಟ್ಟುಕೊಂಡೇ ಮಷಿನ್ ಕೊಡಬೇಕು. ವಿಂಡೋಸ್ ಹಾಕಿದ ಮೇಲೆ ‘ಸೌಂಡ್ ಆಮ್ಯಾಲೆ ಮಾಡೋಣ್ರಿ’ ಎನ್ನುತ್ತಾರೆ. ನಮಗೆ ಸೌಂಡೇ ಡಿಸ್‌ಪ್ಲೇ. ಆಡಿಯೋ ಡ್ರೈವರ್ ಮೊದಲು, ಎಂಎಸ್ ಆಫೀಸ್ ಆಮೇಲೆ. ಚೀಲದಲ್ಲಿ ಒಂದು ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಇದ್ದರೆ ಕಾಯುವುದೂ ತಪ್ಪುತ್ತದೆ: ಸಾಮಾನ್ಯವಾಗಿ ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇರುತ್ತದೆ. ವಿಂಡೋಸ್, ಕಂಟ್ರೋಲ್, ಎಂಟರ್ ಒತ್ತಿ ವಿಂಡೋಸ್‌ನದೇ ಸ್ಕ್ರೀನ್ ರೀಡರ್ ಆದ ನರೇಟರ್ ಎಬ್ಬಿಸಿ, ಪೆನ್‌ಡ್ರೈವ್‌ನಿಂದ ಎನ್‌ವಿಡಿಎ ತೆರೆದು, ಅದರ ಟೂಲ್ಸ್‌ನಲ್ಲೇ ಇನ್‌ಸ್ಟಾಲ್ ಕೊಡಿ. ಇಲ್ಲಿ ಪೋರ್ಟಬಲ್ ಸೆಟ್ಟಿಂಗ್ ನಕಲಿಸುವ ಚೌಕಕ್ಕೂ ಟಿಕ್ ಹಾಕಬೇಕು. ಮಧ್ಯೆ ಅಡ್ಮಿನ್ ಅನುಮತಿ ಕೇಳುವ ಪರದೆ ಬಂದಾಗ ಪೋರ್ಟಬಲ್ ಕಾಪಿ ಮೌನವಾಗುತ್ತದೆ, ಏಕೆಂದರೆ ಆ ಪರದೆ ಅದಕ್ಕೆ ಎಟುಕುವುದಿಲ್ಲ. ಹ್ಯಾಂಗ್ ಆಯಿತೆಂದು ಪವರ್ ಬಟನ್ ಒತ್ತಲು ಬಿಡಬೇಡಿ. ಆಲ್ಟ್ ಮತ್ತು ವೈ ಒತ್ತಿದರೆ ಮುಂದೆ ಹೋಗುತ್ತದೆ. ವಿಂಡೋಸ್ ಶುರುವಾಗುವ ಮುಂಚಿನ ಬಯೋಸ್ ಪರದೆಯನ್ನು ಎನ್‌ವಿಡಿಎ ಆಗಲಿ ನರೇಟರ್ ಆಗಲಿ ಓದುವುದಿಲ್ಲ. ಅಲ್ಲಿ ಕಣ್ಣಿರುವವರು ಬೇಕೇ ಬೇಕು.

ಸಾಫ್ಟ್‌ವೇರ್ ತೊಂದರೆಗೆಲ್ಲ ಅಂಗಡಿ ಹತ್ತಬೇಕಿಲ್ಲ. ಎನ್‌ವಿಡಿಎ 2025.1ರಿಂದ ರಿಮೋಟ್ ಸೌಲಭ್ಯ ಅದರೊಳಗೇ ಇದೆ. ಎರಡೂ ಕಡೆಯವರು ಒಂದೇ ಕೀ (ಪಾಸ್‌ವರ್ಡ್‌ನಂಥ ಗುರುತು) ಹಾಕಿ ಸೇರಿದರೆ ಬೆಳಗಾವಿಯಲ್ಲೋ ಬಾಗಲಕೋಟೆಯಲ್ಲೋ ಕೂತ ಗೆಳೆಯ, ತಾನೂ ಕಣ್ಣು ಕಾಣದವನಾದರೂ, ನಿಮ್ಮ ಮಷಿನ್ ಮಾತು ಕೇಳುತ್ತಲೇ ಅದನ್ನು ನಡೆಸಬಹುದು. ಕಣ್ಣು ಕಾಣುವವರ ಸಹಾಯ ಪಡೆಯಲು, ದೂರದಿಂದ ಪರದೆ ನೋಡಿ ಮಷಿನ್ ನಡೆಸುವ ಎನಿಡೆಸ್ಕ್ ನಡೆಯುತ್ತದೆ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಮಾತ್ರ ಬೇಡ: ನಿಮ್ಮ ಪರದೆ ಲಾಕ್ ಆಗಿ, ಏನು ನಡೆಯುತ್ತಿದೆ ಎಂಬುದೇ ನಿಮಗೆ ಕೇಳಿಸುವುದಿಲ್ಲ.

ಲ್ಯಾಪ್‌ಟಾಪ್ ಕೀಬೋರ್ಡ್ ಬದಲಿಸುವಾಗ ಅದೇ ಮಾಡೆಲ್‌ನದು ಬೇಕೆಂದು ಹಟ ಹಿಡಿಯಿರಿ. ‘ಹೊಂದತೈತ್ರಿ’ ಎಂದು ಹಾಕಿದ್ದರಲ್ಲಿ ಇನ್ಸರ್ಟ್ ಕೀ ಎಫ್‌ಎನ್ ಜೊತೆಗೆ ಒತ್ತುವಂತಿದ್ದರೆ ದಿನವಿಡೀ ಬೆರಳಿಗೆ ಶಿಕ್ಷೆ. ಆಗ ಎನ್‌ವಿಡಿಎದ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕ್ಯಾಪ್ಸ್ ಲಾಕನ್ನು ಎನ್‌ವಿಡಿಎ ಕೀ ಮಾಡಿಕೊಳ್ಳಬಹುದು.

ದುಡ್ಡು ಕೊಡುವ ಮುಂಚೆ ಕೌಂಟರಿನಲ್ಲೇ ಒಮ್ಮೆ ರೀಸ್ಟಾರ್ಟ್ ಮಾಡಿಸಿ. ಪಾಸ್‌ವರ್ಡ್ ಕೇಳುವ ಪರದೆಯಲ್ಲೇ ಮಾತು ಬರಬೇಕು. ಬರದಿದ್ದರೆ ಎನ್‌ವಿಡಿಎದ ಜನರಲ್ ಸೆಟ್ಟಿಂಗ್‌ನಲ್ಲಿ ಸೈನ್ ಇನ್ ವೇಳೆ ಎನ್‌ವಿಡಿಎ ಬಳಸುವ ಆಯ್ಕೆಗೆ ಟಿಕ್ ಹಾಕಿ, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.