ಕಣ್ಣಿಗೆ ಮದ್ದು ಬಿಟ್ಟ ಮೇಲಿನ ಐದು ನಿಮಿಷ

ನನಗೀಗ 68 ವರ್ಷ, ಹುಟ್ಟಿ ಬೆಳೆದದ್ದೆಲ್ಲ ಉಡುಪಿಯಲ್ಲೇ. ನಮ್ಮ ಹಿರಿಯರು ಮಂಗಳೂರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಹಾಗಾಗಿ ನಂಬಿಕೆ ಅಂದ್ರೆ ಮನೆ ಜಾಗದ ಹಾಗೆ ಅಪ್ಪನಿಂದ ಮಗನಿಗೆ ಬರ್ತದೆ, ಕಡೇವರೆಗೂ ಇರ್ತದೆ, ಅದಕ್ಕೆ ನಾವು ಎಂತ ಮಾಡ್ಲಿಕ್ಕೂ ಇಲ್ಲ ಅಂತಲೇ ತಿಳ್ಕೊಂಡಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಗೊತ್ತಾಯ್ತು ಹಾಗಲ್ಲ ಅಂತ.

ಅವಳು ಒಂಬತ್ತು ತಿಂಗಳು ಮಲಗಿದ್ಲು, ಒಂದು ದಿನ ಬಿಡದೆ ಪ್ರಾರ್ಥನೆ ಮಾಡಿದ್ದೆ. ಆಮೇಲೆ ದೇವರ ಹತ್ರ ಜಗಳ ಅಂತ ಏನೂ ಆಗ್ಲಿಲ್ಲ, ಮಾತೇ ನಿಂತುಹೋಯ್ತು. ಆದಿತ್ಯವಾರ ಚರ್ಚಿಗೆ ಹೋಗ್ತಿದ್ದೆ, ಹಿಂದಿನ ಬೆಂಚಲ್ಲಿ ಕೂತು, ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಮುಂಚೆ ಎದ್ದು ಬರ್ತಿದ್ದೆ. ಎರಡು ವರ್ಷ ಹೀಗೇ.

ನಮ್ಮ ಸಭೆಯ ಹಿರಿಯರೊಬ್ರು ಟೈಲರ್. ಒಂದು ಗುರುವಾರ ಅಂಗಡಿ ಮುಚ್ಚಿ ಸೀದಾ ನಮ್ಮನೆಗೆ ಬಂದ್ರು, ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಬುದ್ಧಿ ಹೇಳ್ತಾರೇನೋ ಅಂದುಕೊಂಡೆ. ಹೇಳ್ಲಿಲ್ಲ. "ಅಣ್ಣಾ, ನೀವು ಪ್ರಾರ್ಥನೆ ಮಾಡುದು ಬೇಡ, ನಾನು ಮಾಡ್ತೇನೆ, ನೀವು ಆಮೆನ್ ಹೇಳಿ, ಅದೂ ಆಗದಿದ್ರೆ ಸುಮ್ಮನೆ ಕೂತ್ಕೊಳ್ಳಿ" ಅಂದ್ರು. ಸತ್ಯವೇದದ, ಅಂದ್ರೆ ಬೈಬಲಿನ, ಒಂದು ಕೀರ್ತನೆ ಓದಿ, ಪ್ರಾರ್ಥಿಸಿ, ಚಾ ಕುಡಿದು ಹೋದ್ರು. ಮುಂದಿನ ಗುರುವಾರ ಮತ್ತೆ ಬಂದ್ರು, ಮಳೆಗಾಲದಲ್ಲೂ ಬಿಡ್ಲಿಲ್ಲ. ನನ್ನ ಬಾಯಿಂದ ಆಮೆನ್ ಬರ್ಲಿಕ್ಕೆ ನಾಲ್ಕು ತಿಂಗಳು ಹಿಡೀತು. ಆ ಎರಡು ವರ್ಷ ನನ್ನ ನಂಬಿಕೆಯನ್ನು ನಾನು ಕಾಪಾಡಿದ್ದಲ್ಲ, ಬೇರೆಯವರು ನನಗೋಸ್ಕರ ಎತ್ತಿ ಹಿಡ್ಕೊಂಡಿದ್ರು ಅಂತಲೇ ನಾನು ಹೇಳುದು.

ಅಷ್ಟರಲ್ಲಿ ಕಣ್ಣಿಗೆ ಗ್ಲಾಕೋಮಾ ಅಂತ ಕಣ್ಣಿನ ನರ ಹಾಳಾಗುವ ಕಾಯಿಲೆ ಆಯ್ತು. ಹೋದ ದೃಷ್ಟಿ ವಾಪಸ್ ಬರುದಿಲ್ಲ, ಇದ್ದದ್ದನ್ನು ಉಳಿಸ್ಲಿಕ್ಕೆ ಜೀವನಪೂರ್ತಿ ಡ್ರಾಪ್ಸ್ ಬಿಡ್ಬೇಕು ಅಂದ್ರು ಡಾಕ್ಟ್ರು. ಸತ್ಯವೇದ ಓದ್ಲಿಕ್ಕೆ ಆಗದ ದಿನ ಬಂದ್ರೆ ಎಂತ ಮಾಡುದು ಅಂತ ಆ ರಾತ್ರಿ ನಿದ್ದೆ ಬರ್ಲಿಲ್ಲ. ನನಗೆ ಎರಡು ಬಗೆ ಮದ್ದು, ಒಂದು ಬಿಟ್ಟು ಐದು ನಿಮಿಷ ಆದ ಮೇಲೆ ಇನ್ನೊಂದು. ಮೂಗಿನ ಹತ್ರ ಕಣ್ಣಿನ ಮೂಲೆ ಒತ್ತಿ ಹಿಡ್ಕೊಂಡು ಕಣ್ಣು ಮುಚ್ಚಿ ಕೂತ್ಕೊಳ್ಬೇಕು, ಟಿವಿ ಇಲ್ಲ ಮೊಬೈಲ್ ಇಲ್ಲ. ಆ ಹೊತ್ತನ್ನೇ ಪ್ರಾರ್ಥನೆಗೆ ಇಟ್ಕೊಂಡೆ. ಹಳೇ ಕ್ಯಾಲೆಂಡರಿನ ಹಿಂದುಗಡೆ ಮಾರ್ಕರಲ್ಲಿ ದೊಡ್ಡ ಅಕ್ಷರದಲ್ಲಿ 71ನೇ ಕೀರ್ತನೆ ಬರೆದು ಗೋಡೆಗೆ ಅಂಟಿಸಿದೆ, ಮುದಿಪ್ರಾಯದಲ್ಲಿ ನನ್ನನ್ನು ತಳ್ಳಿಬಿಡಬೇಡ ಅಂತ ಕೇಳುವ ಕೀರ್ತನೆ ಅದು. ಹಗಲು ಒಂದು ವಚನ ನೋಡುದು, ರಾತ್ರಿ ಮದ್ದು ಬಿಟ್ಟು ಕಣ್ಣು ಮುಚ್ಚಿ ಅದನ್ನೇ ಹೇಳುದು. 24 ವಚನ ಬಾಯಿಗೆ ಬರ್ಲಿಕ್ಕೆ ಮೂರು ತಿಂಗಳು ಬೇಕಾಯ್ತು. ಮನಸ್ಸು ಉಂಟೋ ಇಲ್ಲವೋ ನೋಡ್ಲಿಕ್ಕೆ ಹೋಗುದಿಲ್ಲ, ಮದ್ದು ತಪ್ಪಿಸ್ಲಿಕ್ಕೆ ಆಗುದಿಲ್ಲ ಅಲ್ವಾ, ಅದರ ಜೊತೆ ಇದೂ ತಪ್ಪುದಿಲ್ಲ.

ಇನ್ನೊಂದು ಹೇಳ್ಬೇಕು. ಓಟವನ್ನು ಮುಗಿಸಿದ್ದೇನೆ, ನಂಬಿಕೆಯನ್ನು ಕಾಪಾಡಿಕೊಂಡಿದ್ದೇನೆ ಅಂತ ಯೇಸುವಿನ ಸುವಾರ್ತೆ ಸಾರಿದ ಪೌಲ ಬೈಬಲಲ್ಲಿ ಬರೆದ ಮಾತನ್ನು ನಮ್ಮಲ್ಲಿ ತೀರಿಹೋದವರ ಫೋಟೋದ ಕೆಳಗೆ ಹಾಕ್ತಾರೆ. ಅದು ತಿಮೊಥೆಯನಿಗೆ ಬರೆದ ಎರಡನೇ ಪತ್ರದ ನಾಲ್ಕನೇ ಅಧ್ಯಾಯ, ಅದನ್ನು ಕೊನೆವರೆಗೆ ಓದಿ. ಜೊತೆಗಾರ ದೇಮ ನನ್ನನ್ನು ಬಿಟ್ಟುಹೋದ, ಲೂಕ ಒಬ್ಬನೇ ಇದ್ದಾನೆ, ತ್ರೋವ ಊರಲ್ಲಿ ಬಿಟ್ಟುಬಂದ ಮೇಲಂಗಿ ತಗೊಂಡು ಬಾ, ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮುಂಚೆ ಬಾ. ಅಷ್ಟು ದೊಡ್ಡ ಅಪೊಸ್ತಲನಿಗೂ ಕಡೇ ಗಳಿಗೆಯಲ್ಲಿ ಚಳಿ ಇತ್ತು, ಜನ ಬೇಕಿತ್ತು. ಇದು ತಿಳಿದ ಮೇಲೆ ನನಗೆ ಸಹಾಯ ಕೇಳ್ಲಿಕ್ಕೆ ನಾಚಿಕೆ ಹೋಯ್ತು.

ಈಗ ಗುರುವಾರ ಟೈಲರ್ ಅಣ್ಣನ ಜೊತೆ ನಾನೂ ಹೋಗ್ತೇನೆ, ಮಲ್ಪೆ ಕಡೆ ಒಬ್ಬರು ಲಕ್ವ ಹೊಡೆದು ಮಲಗಿದ್ದಾರೆ, ಮಾತು ಬರುದಿಲ್ಲ. ಅಣ್ಣ ಓದ್ತಾರೆ, ನಾನು ಬಾಯಿಪಾಠ ಹೇಳ್ತೇನೆ. ಹೋದ ವಾರ ಅರ್ಧದಲ್ಲಿ ನನಗೆ ವಚನ ಮರೆತುಹೋಯ್ತು, ನಿಂತುಬಿಟ್ಟೆ. ಮಲಗಿದ್ದವರು ಆಡುವ ಕೈಯಿಂದ ನನ್ನ ಕೈ ಹಿಡ್ಕೊಂಡು ಅದು ನೆನಪಾಗುವವರೆಗೂ ಬಿಡ್ಲಿಲ್ಲ.