ಎಂಟು ಗಿಳಿ, ಇಪ್ಪತ್ತು ವರ್ಷದ ಖರ್ಚು

ರಕ್ಷಣಾ ಕೇಂದ್ರದ ಗಿಳಿಗಳ ಪೋಷಣೆಗೆ ದುಡ್ಡು ಕೊಡಲು ಹೊರಟವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: "ಒಂದು ಗಿಳಿಯ ಕಾಳು-ಹಣ್ಣಿಗೆ ತಿಂಗಳಿಗೆ ಎಷ್ಟಾಗುತ್ತೆ?" ನಾನೂ ಅದನ್ನೇ ಕೇಳಿದ್ದೆ. ಲೆಕ್ಕ ಹಿಡಿಯಬೇಕಾದದ್ದು ಅಲ್ಲಿಂದಲ್ಲ ಅಂತ ಗೊತ್ತಾಗಲು ಒಂದು ವರ್ಷದ ಖರ್ಚಿನ ಪಟ್ಟಿ ನೋಡಬೇಕಾಯಿತು. ಆಹಾರ ಒಟ್ಟು ಖರ್ಚಿನ ಐದನೇ ಒಂದು ಪಾಲು ಅಷ್ಟೇ. ಉಳಿದದ್ದೆಲ್ಲ ಕೆಲಸದವರ ಸಂಬಳ, ಡಾಕ್ಟರು, ಜಾಲರಿ ರಿಪೇರಿ.

ನಾನು ಪೋಷಿಸುತ್ತಿರುವುದು ಒಂದು ಪಕ್ಷಿಮನೆಯನ್ನು. ಅದರಲ್ಲಿ ಎಂಟು ಗಿಳಿಗಳಿವೆ: ಆರು ನಮ್ಮೂರ ಕೊರಳಪಟ್ಟಿಯ ಗಿಳಿ, ಎರಡು ದೊಡ್ಡ ಗಿಳಿ (ಮಾರುವವರ ಬಾಯಲ್ಲಿ 'ಪಹಾಡಿ'). ಒಂದಕ್ಕೂ ಹಾರಲು ಬರುವುದಿಲ್ಲ. ರೆಕ್ಕೆ ಕತ್ತರಿಸಿದ ಗಿಳಿ ಸಾಯುವ ತನಕ ಹಾರದು ಅನ್ನುವುದು ತಪ್ಪು ತಿಳಿವಳಿಕೆ. ಕತ್ತರಿಯಿಂದ ಗರಿ ಕತ್ತರಿಸಿದ್ದರೆ, ಮೋಟು ಗರಿ ಉದುರಿ ಹೊಸದು ಬರಲು ಹೆಚ್ಚೆಂದರೆ ಒಂದು ವರ್ಷ ಸಾಕು. ಅಂಥವು ದೊಡ್ಡ ಪಂಜರದಲ್ಲಿ ಹಾರಿ ಬಲ ಬಂದ ಮೇಲೆ ಕಾಡಿಗೆ ಹೋಗುತ್ತವೆ. ಕೊನೆತನಕ ಉಳಿಯುವುದು ಬೇರೆ ಬಗೆಯವು: ಗರಿಯನ್ನು ಬುಡಸಮೇತ ಪದೇಪದೇ ಕಿತ್ತು ಗರಿಯ ಗುಳಿಯೇ ಸತ್ತುಹೋದವು, ಗಾಳಿಪಟದ ಮಾಂಜಾಕ್ಕೆ ಸಿಕ್ಕಿ ರೆಕ್ಕೆಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡವು, ಕಣ್ಣು ಬಿಡುವ ಮೊದಲೇ ಪೊಟರೆಯಿಂದ ಕದ್ದು ಮನುಷ್ಯರ ಕೈಯಲ್ಲಿ ಬೆಳೆದು ಯಾರ ಹೆಗಲ ಮೇಲಾದರೂ ಇಳಿಯುವವು. ಕೇಂದ್ರಕ್ಕೆ ಹೋದಾಗ "ಇದನ್ನು ಯಾಕೆ ಬಿಡೋಕಾಗಲ್ಲ?" ಅಂತ ಪ್ರತಿ ಹಕ್ಕಿಗೂ ಕೇಳಿ. ಎಕ್ಸ್‌ರೇ ತೋರಿಸಿ ಉತ್ತರ ಕೊಡುವ ಕಡೆ ದುಡ್ಡು ಕೊಡಬಹುದು. "ಪಾಪ, ಇಲ್ಲೇ ಇರ್ಲಿ ಬಿಡಿ" ಅನ್ನುವ ಕಡೆ ಸ್ವಲ್ಪ ತಡೆದು ಯೋಚಿಸಿ.

ಕಾನೂನು ಇಷ್ಟು ತಿಳಿದಿರಲಿ. ನಮ್ಮ ದೇಶದ ಗಿಳಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ನಾನು ಹೇಳಿದ ಈ ಎರಡೂ ಬಗೆಯವು ಎರಡನೇ ಅನುಸೂಚಿಯಲ್ಲಿವೆ, ಅಂದರೆ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿ. ವಶಪಡಿಸಿಕೊಂಡ ಗಿಳಿ ಸರ್ಕಾರದ ಸ್ವತ್ತು. ಹಾಗಾಗಿ 'ದತ್ತು' ಅನ್ನುವುದು ಬಾಯಿಮಾತು. ಗಿಳಿಯನ್ನು ಮನೆಗೆ ತರುವ ಹಕ್ಕಾಗಲಿ, ಬೇರೆಡೆ ಕಳಿಸುವ ಹಕ್ಕಾಗಲಿ ದುಡ್ಡು ಕೊಟ್ಟವರಿಗೆ ಬರುವುದಿಲ್ಲ. ಆಫ್ರಿಕನ್ ಗ್ರೇ, ಮಕಾವ್‌ಗಳಂಥ ಹೊರದೇಶದ ಗಿಳಿಗಳ ದಾರಿ ಬೇರೆ. ಸಾಕಲಾಗದೆ ಜನ ತಂದುಬಿಡುವುದು ಹೆಚ್ಚಾಗಿ ಇವನ್ನೇ. 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಇವುಗಳ ನೋಂದಣಿ ಆಗಿರಬೇಕು, ಆ ಕಾಗದ ಕೇಳಿ. ಗ್ರೇ 40ರಿಂದ 60 ವರ್ಷ, ದೊಡ್ಡ ಮಕಾವ್ 50 ದಾಟಿಯೂ ಬದುಕುತ್ತವೆ. ನಾನು ಅವುಗಳ ತಂಟೆಗೆ ಹೋಗಲಿಲ್ಲ, ಕಾರಣ ಇಷ್ಟೇ: ಅವು ನನಗಿಂತ ಹೆಚ್ಚು ದಿನ ಇರುತ್ತವೆ. ಊರ ಗಿಳಿಗೆ ಪಂಜರದಲ್ಲಿ 25–30 ವರ್ಷ ಆಯಸ್ಸು. ರಕ್ಷಣೆಯಾಗಿ ಬಂದದ್ದರ ವಯಸ್ಸು ಹೇಳಲಾಗದು, ಹಾಗಾಗಿ ನಾನು 20 ವರ್ಷಕ್ಕೆ ಲೆಕ್ಕ ಹಾಕಿದೆ.

ಕೇಂದ್ರ ಆರಿಸುವಾಗ ಮೊದಲು ನೋಡಿದ್ದು ಕಾಗದ. ರಕ್ಷಣಾ ಕೇಂದ್ರಕ್ಕೆ ಕೇಂದ್ರೀಯ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಇರಬೇಕು, ಹಕ್ಕಿಗಳನ್ನು ಒಪ್ಪಿಸಿದ ಅರಣ್ಯ ಇಲಾಖೆಯ ಇಲ್ಲವೇ ನ್ಯಾಯಾಲಯದ ಆದೇಶ ಕಡತದಲ್ಲಿರಬೇಕು. ತೆರಿಗೆ ವಿನಾಯಿತಿ ಬೇಕಿದ್ದರೆ ಕೇಂದ್ರ ನಡೆಸುವ ಟ್ರಸ್ಟಿಗೆ ದೇಣಿಗೆ ವಿನಾಯಿತಿಯ ನೋಂದಣಿ (80ಜಿ ಅಂತ ಹೆಸರಾದದ್ದು) ಇರಬೇಕು. ನಗದಾಗಿ 2,000 ರೂಪಾಯಿ ಮೀರಿ ಕೊಟ್ಟದ್ದಕ್ಕೆ ವಿನಾಯಿತಿ ಸಿಗದು. ಅಮೆರಿಕ, ದುಬೈಗಳಲ್ಲಿರುವ ನಮ್ಮವರು ಎಡವುವುದು ಇನ್ನೊಂದು ಕಡೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪೌರತ್ವ ಬದಲಾಯಿಸಿ ಓಸಿಐ ಕಾರ್ಡ್ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಟ್ರಸ್ಟಿಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, ಹಣ ಮೊದಲು ಬಂದು ಬೀಳಬೇಕಾದದ್ದು ಎಸ್‌ಬಿಐನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೆ. ಸಣ್ಣ ಟ್ರಸ್ಟುಗಳಿಗೆ ಆ ನೋಂದಣಿ ಇರುವುದೇ ಅಪರೂಪ. ಊರಲ್ಲಿರುವ ಅಣ್ಣನ ಖಾತೆಗೆ ಹಾಕಿ ಅಲ್ಲಿಂದ ಕೊಡಿಸುವ ಜಾಣತನ ಬೇಡ, ಸಿಕ್ಕಿಬೀಳುವುದು ಟ್ರಸ್ಟಿನವರು. ಇಷ್ಟೆಲ್ಲ ತಲೆನೋವು ಬೇಡ ಅನ್ನುವವರಿಗೆ ಮೈಸೂರು ಮೃಗಾಲಯದ ದತ್ತು ಯೋಜನೆ ಇದೆ. ಪ್ರಾಣಿಗೆ ಇಷ್ಟು ಅಂತ ದರ ಕಟ್ಟಿ ರಸೀದಿ ಪಡೆದರೆ ಮುಗಿಯಿತು.

ಎರಡನೆಯದು ಸ್ಥಳ ನೋಡುವುದು. ಬೆಳಗ್ಗೆ ಎಂಟರೊಳಗೆ, ತಟ್ಟೆ ಇಡುವ ಹೊತ್ತಿಗೆ ಹೋಗಿ. ಬಾಗಿಲು ಎರಡು ಹಂತದ್ದಿದೆಯೇ? ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವಂತಿದೆಯೇ? ಹೊಸ ಹಕ್ಕಿಗಳ ಕ್ವಾರಂಟೈನ್ ಕೋಣೆಗೆ ಬೇರೆ ಪಾತ್ರೆ, ಬೇರೆ ಪೊರಕೆ ಇವೆಯೇ? ಮೂಲೆಯಲ್ಲಿ ಇಲಿ ಹಿಕ್ಕೆ ಕಾಣುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾಗಿ ಗೂಡಿನ ಪೆಟ್ಟಿಗೆ ನೇತುಹಾಕಿದ್ದಾರೆಯೇ ನೋಡಿ. ಪೆಟ್ಟಿಗೆ ಕಂಡರೆ ಗಿಳಿ ಮೊಟ್ಟೆಯಿಡಲು ಕೂರುತ್ತದೆ. ರಕ್ಷಣಾ ಕೇಂದ್ರದಲ್ಲಿ ಸಂತಾನ ಬೆಳೆಸುವ ಕೆಲಸವೇ ಇಲ್ಲ. ಮರಿ ಕಂಡಲ್ಲಿಂದ ನಾನು ವಾಪಸ್ ಬಂದಿದ್ದೇನೆ.

ಈಗ ಲೆಕ್ಕ. ಎಂಟು ಗಿಳಿಗೆ ತಿಂಗಳಿಗೆ 5,000 ರೂಪಾಯಿ. ಆಹಾರ 1,000, ಕೀಪರ್ ಮತ್ತು ಅರ್ಧ ದಿನದ ಸಹಾಯಕರ 24,000 ಸಂಬಳವನ್ನು ಅಲ್ಲಿನ 80 ಹಕ್ಕಿಗೆ ಹಂಚಿದರೆ ನಮ್ಮ ಎಂಟರ ಪಾಲಿಗೆ 2,400, ಡಾಕ್ಟರಿಗೆಂದು ಎತ್ತಿಡುವುದು 1,000, ಜಾಲರಿ, ಕೊಂಬೆ, ಮರಳಿಗೆ 400, ನೀರು-ಕರೆಂಟಿಗೆ 200. ಡಾಕ್ಟರ ಹಣ ಎಷ್ಟೋ ತಿಂಗಳು ಖರ್ಚೇ ಆಗುವುದಿಲ್ಲ, ಆಮೇಲೆ ಒಂದೇ ವಾರದಲ್ಲಿ ಮುಗಿದುಹೋಗುತ್ತದೆ. ಅದಕ್ಕೇ ಅದನ್ನು ಬೇರೆ ಖಾತೆಯಲ್ಲಿ ಇಡಿಸಿದೆ. ಒಂದೇ ಖಾತೆಯಲ್ಲಿದ್ದರೆ ಸಂಬಳದ ದಿನ ಕರಗುತ್ತದೆ, ಯಾರೂ ಕೆಟ್ಟವರಲ್ಲ, ತುರ್ತು ಹಾಗಿರುತ್ತದೆ.

ತಟ್ಟೆಯಲ್ಲಿ ಏನಿರಬೇಕು ಅನ್ನುವುದನ್ನೂ ಒಪ್ಪಂದದಲ್ಲಿ ಬರೆಸಿದ್ದೇನೆ. ಊರ ಗಿಳಿಗೆ ದಿನಕ್ಕೆ 50 ಗ್ರಾಂ, ದೊಡ್ಡದಕ್ಕೆ 90 ಗ್ರಾಂ. ಚೆಲ್ಲಾಡುವುದೂ ಇದರಲ್ಲೇ ಸೇರಿತು, ಗಿಳಿ ತಿನ್ನುವಷ್ಟೇ ಬೀಳಿಸುತ್ತದೆ. ಬೆಳಗ್ಗೆ ಮೊಳಕೆ ಹೆಸರುಕಾಳು, ಕಡಲೆ. ಜೊತೆಗೆ ಹೆಚ್ಚಿದ ಕ್ಯಾರೆಟ್, ಸಿಹಿಗುಂಬಳ, ನುಗ್ಗೆಸೊಪ್ಪು, ಹಸಿಮೆಣಸಿನಕಾಯಿ (ಹಕ್ಕಿಗಳಿಗೆ ಖಾರ ಹತ್ತುವುದಿಲ್ಲ). ಸಂಜೆ ನವಣೆ, ಸಜ್ಜೆ, ಒಂದು ತುಂಡು ಸೀಬೆ ಇಲ್ಲವೇ ಪಪ್ಪಾಯಿ. ಸಿಕ್ಕಾಗ ಎಳೆ ಜೋಳದ ತೆನೆ. ಸೂರ್ಯಕಾಂತಿ ಬೀಜ ಔಷಧ ತಿನ್ನಿಸುವ ದಿನ ಲಂಚಕ್ಕೆ ಮಾತ್ರ. ಬರೀ ಬೀಜ ತಿಂದು ಬೆಳೆದ ಗಿಳಿಗೆ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ, ವಿಟಮಿನ್ ಎ ಕೊರತೆಯಾಗಿ ಬಾಯೊಳಗೆ ಬಿಳಿ ಗಂಟು ಏಳುತ್ತವೆ. ಕಡಲೆಕಾಯಿ ಬೇಡವೇ ಬೇಡ ಅಂದೆ, ಕಣ್ಣಿಗೆ ಕಾಣದ ಬೂಷ್ಟಿನ ವಿಷ ಸಾಕು ಯಕೃತ್ತು ಕೆಡಲು. ಬೆಣ್ಣೆಹಣ್ಣು ಒಂದು ತುಂಡೂ ಬೀಳಬಾರದು, ಅದು ನೇರ ಹೃದಯಕ್ಕೆ ಹೊಡೆಯುತ್ತದೆ. ಏಪ್ರಿಲ್-ಮೇ ಬಿಸಿಲಲ್ಲಿ ಮೊಳಕೆ ಕಾಳು ಎರಡು-ಮೂರು ಗಂಟೆಯಲ್ಲಿ ಹಳಸುತ್ತದೆ. ಎಂಟಕ್ಕೆ ಇಟ್ಟ ತಟ್ಟೆ ಹತ್ತೂವರೆಗೆ ಹೊರಗೆ ಬರಬೇಕು. ಸಹಾಯಕರು ರಜೆ ಹಾಕಿದ ದಿನ ತಪ್ಪುವುದು ಇದೊಂದೇ ಕೆಲಸ, ಹೊಟ್ಟೆ ಕೆಡುವುದೂ ಅದರ ಮಾರನೇ ದಿನವೇ.

ಪಕ್ಷಿಮನೆ 20 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಎತ್ತರ. ಹಾರಲಾಗದ ಗಿಳಿಗೆ ಮೇಲೆ ಕೊಂಬೆ ಕಟ್ಟುವುದು ಮೋಸ. ಹತ್ತಿಬಿಡುತ್ತದೆ, ಬೆದರಿದಾಗ ಕಲ್ಲಿನಂತೆ ಬಿದ್ದು ಎದೆಮೂಳೆಯ ಮೇಲಿನ ಚರ್ಮ ಸೀಳಿಕೊಳ್ಳುತ್ತದೆ. ಆ ಗಾಯ ಪ್ರತಿ ಸಲ ಬಿದ್ದಾಗಲೂ ಮತ್ತೆ ಬಿರಿಯುವುದರಿಂದ ತಿಂಗಳಾದರೂ ಒಣಗದು. ಈಗ ಕೊಂಬೆಗಳು ಮೂರು-ನಾಲ್ಕು ಅಡಿ ಎತ್ತರದಲ್ಲಿವೆ, ಒಂದರಿಂದ ಒಂದಕ್ಕೆ ನಡೆದೇ ಹೋಗುವಂತೆ ಓರೆಯಾಗಿ ಕಟ್ಟಿದ್ದಾರೆ, ಕೆಳಗೆ ನಾಲ್ಕು ಇಂಚು ಮರಳು. ಸೀಬೆ, ಬೇವಿನ ಕೊಂಬೆಗಳು, ಬೆರಳು ಗಾತ್ರದಿಂದ ಮಣಿಕಟ್ಟಿನ ಗಾತ್ರದವರೆಗೆ. ಎಲ್ಲ ಒಂದೇ ದಪ್ಪದ್ದಾದರೆ ಅಂಗಾಲಿನ ಒಂದೇ ಜಾಗಕ್ಕೆ ಭಾರ ಬಿದ್ದು ಹುಣ್ಣಾಗುತ್ತದೆ.

ಜಾಲರಿಯಲ್ಲಿ ನಾವೇ ಒಂದು ತಪ್ಪು ಮಾಡಿದೆವು. ಅರ್ಧ ಇಂಚು ಕಣ್ಣಿನ ಹೊಸ ಜಿಐ ವೆಲ್ಡ್ ಮೆಷ್ (ಸತು ಲೇಪಿಸಿದ ಬೆಸುಗೆ ಜಾಲರಿ) ತಂದು ಅದೇ ದಿನ ಹಾಕಿಸಿದ್ದು. ಹೊಸ ಮೆಷ್‌ನ ಬೆಸುಗೆಯ ಹತ್ತಿರ ಸತುವಿನ ಸಣ್ಣ ಹನಿಗಳು ಗಟ್ಟಿಯಾಗಿ ಅಂಟಿರುತ್ತವೆ, ಉಗುರಿಗೆ ಸಿಗುತ್ತವೆ. ಗಿಳಿ ಜಾಲರಿ ಹತ್ತುವುದು ಕೊಕ್ಕಿನಿಂದ. ಅದನ್ನು ಕೆರೆದು ನುಂಗಿದರೆ ಹಿಕ್ಕೆ ಹಸಿರು ನೀರಾಗುತ್ತದೆ, ತಿಂದದ್ದನ್ನು ಕಕ್ಕುತ್ತದೆ, ಕೊಂಬೆ ಹಿಡಿಯಲು ಬಲವಿರುವುದಿಲ್ಲ. ಎರಡು ಹಕ್ಕಿಗೆ ಹಾಗಾಗಿ ಎಕ್ಸ್‌ರೇ, ರಕ್ತಪರೀಕ್ಷೆ, ಚುಚ್ಚುಮದ್ದು ಅಂತ ಆರು ತಿಂಗಳ ಔಷಧದ ಹಣ ಹೋಯಿತು. ಮೆಷ್ ತಂದರೆ ತಂತಿ ಬ್ರಷ್ ಮತ್ತು ವಿನೆಗರ್ ಹಾಕಿ ಉಜ್ಜಿ, ತೊಳೆದು, ಒಂದು ತಿಂಗಳು ಮಳೆ-ಬಿಸಿಲಿಗೆ ಬಿಟ್ಟು ಆಮೇಲೆ ಹಾಕಿಸಿ. ಇಲಿ ಬಾರದಂತೆ ಸುತ್ತ ಒಂದೂವರೆ ಅಡಿ ಆಳಕ್ಕೆ ಕಾಂಕ್ರೀಟ್ ಇಳಿಸುವುದೂ ಅದೇ ಖರ್ಚಿನಲ್ಲಿ ಆಗಲಿ.

ರೋಗದಲ್ಲಿ ಎರಡು ಹೆಸರು ನೆನಪಿರಲಿ. ಕೊಕ್ಕು ಮತ್ತು ಗರಿ ರೋಗಕ್ಕೆ ಮದ್ದಿಲ್ಲ. ಗರಿ ಹಾಗೂ ರಕ್ತದ ಪಿಸಿಆರ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ರೋಗ ಖಚಿತವಾದ ಹಕ್ಕಿ ಬದುಕಿಡೀ ಬೇರೆಯೇ ಇರಬೇಕು. ಇನ್ನೊಂದು ಸಿಟಾಕೋಸಿಸ್, ಮನುಷ್ಯರಿಗೂ ಹತ್ತಿ ನ್ಯುಮೋನಿಯಾ ತರುತ್ತದೆ. ಹಕ್ಕಿಗೆ 45 ದಿನ ಡಾಕ್ಸಿಸೈಕ್ಲಿನ್ ಕೊಡಬೇಕು. ಕೀಪರ್‌ಗೆ ಮಾಸ್ಕ್ ಕೊಡಿಸಿ, ಒಣ ಹಿಕ್ಕೆಗೆ ನೀರು ಚಿಮುಕಿಸದೆ ಗುಡಿಸಬೇಡಿ ಅನ್ನಿ. ಹೊಸ ಹಕ್ಕಿಗೆ 45 ದಿನ ಕ್ವಾರಂಟೈನ್ ಇಡುವುದೂ ಇವುಗಳಿಗಾಗಿಯೇ. ಪೋಷಕರೊಬ್ಬರು "ಜೋಡಿ ಆಗಲಿ" ಅಂತ ತಮ್ಮ ಮನೆಯ ಲವ್‌ಬರ್ಡ್ಸ್ ತಂದಿದ್ದರು. ಗೇಟಿನಲ್ಲೇ ತಡೆದದ್ದು ಪುಣ್ಯ.

ಪೋಷಕರಿಗೆ ಕೇಂದ್ರಗಳು ಸಾಮಾನ್ಯವಾಗಿ ಕಳಿಸುವುದು ಫೋಟೋ. ನನಗೆ ಫೋಟೋದಿಂದ ಪ್ರಯೋಜನವಿಲ್ಲ. ಕಾಯಿಲೆ ಬಿದ್ದ ಗಿಳಿ ಪುಕ್ಕ ಉಬ್ಬಿಸಿ ಕೂರುತ್ತದೆ, ಫೋಟೋದಲ್ಲಿ ದುಂಡಗೆ, ಚೆಂದಾಗಿಯೇ ಕಾಣುತ್ತದೆ. ಆದ್ದರಿಂದ ನಾನು ಕೇಳಿದ್ದು ತೂಕದ ಪುಸ್ತಕ. ಒಂದು ಗ್ರಾಂ ತೋರಿಸುವ ಅಡುಗೆ ತಕ್ಕಡಿ, ಅದರ ಮೇಲೆ ಸಣ್ಣ ಕೊಂಬೆ ಸ್ಕ್ರೂ ಮಾಡಿದ ಹಲಗೆ, ಸೊನ್ನೆ ಮಾಡಿ ಇಡುವುದು. ಸೋಮವಾರ ಬೆಳಗ್ಗೆ ತಟ್ಟೆ ಇಡುವ ಮುಂಚೆ ಒಂದೊಂದೇ ಗಿಳಿಗೆ ಎರಡು ಸೂರ್ಯಕಾಂತಿ ಬೀಜ ತೋರಿಸಿದರೆ ತಾನೇ ಹತ್ತಿ ಕೂರುತ್ತದೆ, ಹಿಡಿಯಬೇಕಿಲ್ಲ. ಕಾಲುಂಗುರದ ಸಂಖ್ಯೆ, ತೂಕ, ಅಷ್ಟೇ ಬರೆಯುವುದು. ಊರ ಗಿಳಿ 110ರಿಂದ 140 ಗ್ರಾಂ, ದೊಡ್ಡದು 200ರಿಂದ 300. ಆದರೆ ಮುಖ್ಯ ಅದರದೇ ಹಿಂದಿನ ತೂಕ. ಹತ್ತರಲ್ಲೊಂದು ಪಾಲು ಇಳಿದರೆ ಮಾರನೇ ದಿನಕ್ಕೆ ಕಾಯದೆ ಡಾಕ್ಟರಿಗೆ ಹೇಳಬೇಕು. ಆರನೇ ಉಂಗುರದ್ದು 120ರಿಂದ 108ಕ್ಕೆ ಇಳಿದದ್ದು ಗೊತ್ತಾದದ್ದು ಹಾಗೆ. ತಿನ್ನುತ್ತಿತ್ತು, ಕೂಗುತ್ತಿತ್ತು, ಬಾಯಿ ತೆರೆಸಿದಾಗ ಅಂಗುಳಲ್ಲಿ ಬಿಳಿ ಗಂಟು.

ಒಂದು ಪುಟದ ಒಪ್ಪಂದದಲ್ಲಿ ಇನ್ನೂ ಕೆಲವು ಸಾಲುಗಳಿವೆ. ಹಣ ಪಕ್ಷಿಮನೆಗೆ, ಹೆಸರಿಟ್ಟ ಹಕ್ಕಿಗಲ್ಲ. ಹೆಸರಿಟ್ಟರೆ ಮಾತಾಡುವ ಗಿಳಿಗೆ ಹತ್ತು ಜನ ಪೋಷಕರು, ಒಕ್ಕಣ್ಣಿನದಕ್ಕೆ ಯಾರೂ ಇಲ್ಲ. ಒಂದು ಸತ್ತರೆ ಆ ಜಾಗಕ್ಕೆ ಕ್ವಾರಂಟೈನ್ ಮುಗಿಸಿದ ಇನ್ನೊಂದು ಬರುತ್ತದೆ, ಹಣ ನಿಲ್ಲುವುದಿಲ್ಲ. ನಾನು ನಿಲ್ಲಿಸುವುದಾದರೆ ಆರು ತಿಂಗಳು ಮೊದಲು ಹೇಳಬೇಕು. ಹೆಗಲ ಮೇಲೆ ಕೂರಿಸಿಕೊಳ್ಳುವುದು, ಮಕ್ಕಳ ಹುಟ್ಟುಹಬ್ಬಕ್ಕೆ ತಿನ್ನಿಸುವುದು ಇಲ್ಲ.

ಒಮ್ಮೆಲೇ ಗಂಟು ಇಡುವವರಿಗೆ: ವರ್ಷದ ಖರ್ಚು 60,000. ಠೇವಣಿಯ ಬಡ್ಡಿ ಬೆಲೆಯೇರಿಕೆಗಿಂತ ಶೇಕಡಾ ಒಂದರಷ್ಟೇ ಮುಂದಿದೆ ಅಂದುಕೊಂಡರೆ 20 ವರ್ಷಕ್ಕೆ ಸುಮಾರು 10 ಲಕ್ಷ 80 ಸಾವಿರ ಬೇಕು. ಲಕ್ಷ ಇಟ್ಟು "ಬಡ್ಡಿಯಲ್ಲೇ ನಡೆಯಲಿ" ಅನ್ನುವವರು ವರ್ಷಕ್ಕೆ ಎರಡು ತಿಂಗಳಿಗಿಂತ ಹೆಚ್ಚಿನ ಖರ್ಚು ಕೊಟ್ಟಂತಾಗಲಿಲ್ಲ. ಅಷ್ಟು ಗಂಟು ನನ್ನಲ್ಲಿಲ್ಲ, ಹಾಗಾಗಿ ಪ್ರತಿ 5ನೇ ತಾರೀಖು ಖಾತೆಯಿಂದ ತಾನೇ ಹೋಗುವಂತೆ ಮಾಡಿ, ಪ್ರತಿ ಏಪ್ರಿಲ್‌ಗೆ ಶೇಕಡಾ 6 ಏರಿಸುತ್ತೇನೆ. ಈ ಸಲ 5,300. ಜೊತೆಗೇ ಬಂದ ತೂಕದ ಹಾಳೆಯಲ್ಲಿ ಆರನೇ ಉಂಗುರದ ಮುಂದೆ 118 ಅಂತಿದೆ.